ಪುಸ್ತಕ ಆಮೇಲೆ, ಬಾಗಿಲು ಮೊದಲು: ಮನೆಯಲ್ಲೇ ಓದಿದ ತಮ್ಮನ ಹತ್ತನೇ ಕ್ಲಾಸ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಕೆಲವು ವಾರಗಳಿಂದ ಒಂದೇ ಥರದ ಮೆಸೇಜ್ ಬರ್ತಿದೆ. 'ತಂಗಿ ಸ್ಕೂಲ್ ಬಿಟ್ಟಿದ್ದಾಳೆ, ಮನೆಯಲ್ಲೇ ಓದಿಸ್ತಿದ್ದೀವಿ, ಹತ್ತನೇ ಕ್ಲಾಸ್‌ಗೆ ಯಾವ ಸಿಲಬಸ್ ಒಳ್ಳೇದು?' ಅಂತ. ನಾನೇನು ಶಿಕ್ಷಣ ತಜ್ಞೆ ಅಲ್ಲ. ಆದ್ರೆ ನನ್ನ ತಮ್ಮ ಭದ್ರಾವತಿಯ ನಮ್ಮ ಮನೆ ಹಾಲ್‌ನಲ್ಲೇ ಕೂತು ಹತ್ತನೇ ಕ್ಲಾಸ್ ಮುಗಿಸಿದ. ಅದರಲ್ಲಿ ಆದ ಒಂದು ತಪ್ಪಿನಿಂದ ಅವನ ಒಂದು ವರ್ಷ ಹೋಯ್ತು. ಆ ತಪ್ಪು ಮಾಡಿದ್ದು ಅವನಲ್ಲ, ನಾನು. ಇವತ್ತು ಅದನ್ನೇ ಹೇಳ್ತೀನಿ, ನೀವಾದ್ರೂ ಅದನ್ನ ಮಾಡಬಾರದು ಅಂತ.

ಮೊದಲು ಅವನು ಶಾಲೆ ಬಿಟ್ಟಿದ್ದು ಯಾಕೆ ಅಂತ. ನನ್ನ ತಮ್ಮನಿಗೆ ಮಾತಾಡುವಾಗ ಉಗ್ಗು ಇದೆ. ಚಿಕ್ಕವನಿದ್ದಾಗ ಅಷ್ಟೇನೂ ಗೊತ್ತಾಗ್ತಿರಲಿಲ್ಲ. ಕೊರೊನಾ ಸಮಯದಲ್ಲಿ ಮೊಬೈಲ್ ಪಾಠ ನಡೀತಲ್ಲ, ಆಗ ಮೈಕ್ ಮ್ಯೂಟ್ ಮಾಡ್ಕೊಂಡು ಆರಾಮಾಗಿದ್ದ. ಶಾಲೆ ಮತ್ತೆ ಶುರುವಾದಾಗ ಎದ್ದು ನಿಂತು ಪಾಠ ಓದಬೇಕು. ಒಂದು ಅಕ್ಷರಕ್ಕೆ ಸಿಕ್ಕಿಹಾಕಿಕೊಂಡ್ರೆ ಕ್ಲಾಸೆಲ್ಲ ನಗೋದು. ಎಂಟನೇ ಕ್ಲಾಸ್ ಮುಗಿಯೋ ಹೊತ್ತಿಗೆ, ಅಂದ್ರೆ 2022ರಲ್ಲಿ, ಬೆಳಗ್ಗೆ ಯೂನಿಫಾರ್ಮ್ ನೋಡಿದ್ರೆ ಹೊಟ್ಟೆನೋವು ಅಂತಿದ್ದ. ಅಮ್ಮ ಒಂದು ದಿನ ಅಪ್ಪನಿಗೆ ಅಂದ್ರು, 'ಇವನ್ನ ನಾನು ಮನೇಲೇ ಓದಿಸ್ತೀನಿ. ಮಾರ್ಕ್ಸ್ ಆಮೇಲೆ ನೋಡೋಣ, ಮೊದಲು ಹುಡುಗ ಸರಿಯಾಗಿ ಊಟ ಮಾಡ್ಲಿ.'

ಒಂಬತ್ತನೇ ಕ್ಲಾಸ್ ವರ್ಷ ಸುಲಭವಾಗಿ ಕಳೀತು. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಎಲ್ಲ ತರಗತಿಯ ಪುಸ್ತಕ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತೆ. ತಮ್ಮ ಓದಿದ್ದು ಇಂಗ್ಲಿಷ್ ಮೀಡಿಯಂ. ಅಮ್ಮ ಕನ್ನಡ ಮೀಡಿಯಂನ ಸೈನ್ಸ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಪಾಠ ಹೇಳೋರು. ಎರಡೂ ಪುಸ್ತಕ ಒಂದೇ ಪಾಠ, ಒಂದೇ ಚಿತ್ರ, ಭಾಷೆ ಮಾತ್ರ ಬೇರೆ. ಇದು ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು ಅಂತ ಹೇಳ್ತಿದ್ದೀನಿ. ಮನೆಯಲ್ಲಿ ಓದಿಸೋಕೆ ಅಮ್ಮನಿಗೆ ಇಂಗ್ಲಿಷ್ ಬರಲೇಬೇಕು ಅಂತೇನಿಲ್ಲ.

ಹತ್ತನೇ ಕ್ಲಾಸ್ ಬಂದಾಗ ಮಾತ್ರ ಪ್ರಶ್ನೆ ದೊಡ್ಡದಾಯ್ತು. ಯಾಕಂದ್ರೆ ಒಂಬತ್ತರವರೆಗೆ ಏನು ಓದಿದ್ರೂ ಯಾರೂ ಕೇಳಲ್ಲ, ಹತ್ತಕ್ಕೆ ಒಂದು ಸರ್ಟಿಫಿಕೇಟ್ ಬೇಕು. ಅದನ್ನ ಕೊಡೋಕೆ ಒಂದು ಬೋರ್ಡ್ ಬೇಕು. ಮನೆಯಲ್ಲಿ ಓದೋರಿಗೆ 'ಸಿಲಬಸ್ ಆರಿಸೋದು' ಅಂದ್ರೆ ಬೋರ್ಡ್ ಆರಿಸೋದು.

ನಮ್ಮ ಮುಂದೆ ಇದ್ದ ದಾರಿಗಳನ್ನ ಹೇಳ್ತೀನಿ. ನಿಮ್ಮ ಮುಂದೆ ಇರೋದೂ ಹೆಚ್ಚುಕಡಿಮೆ ಇವೇ.

ಒಂದು, ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯೋದು. ಮಾನ್ಯತೆ ಇರೋ ಒಂದು ಹೈಸ್ಕೂಲ್ ಮೂಲಕ ಅರ್ಜಿ ಹಾಕಬೇಕು, ವಯಸ್ಸಿನ ನಿಯಮ ಇದೆ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಹೀಗೆ ಆರು ಪತ್ರಿಕೆ. ನಾವು ನೋಡಿದ 2023ರಲ್ಲಿ ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆಗೆ 125, ಉಳಿದ ಎರಡು ಭಾಷೆಗೆ ನೂರು ನೂರು. ಲೆಕ್ಕ ಹಾಕಿ, 325 ಅಂಕ ಬರೀ ಭಾಷೆಗೇ. ಅರ್ಧಕ್ಕಿಂತ ಜಾಸ್ತಿ. ಇದರಲ್ಲಿ ಒಳ್ಳೇದೂ ಇದೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದ್ರು, ಒಂದರಲ್ಲಿ ಹೋದ್ರೆ ಇನ್ನೊಂದು. ಊರಲ್ಲಿ ಎಲ್ಲರಿಗೂ ಗೊತ್ತಿರೋ ಸರ್ಟಿಫಿಕೇಟು, ಯಾರೂ 'ಇದೇನಿದು' ಅಂತ ಕೇಳಲ್ಲ.

ಎರಡು, ಎನ್‌ಐಒಎಸ್. ಹೆಸರು ಉದ್ದ, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಕೇಂದ್ರ ಸರ್ಕಾರದ್ದು, 1989ರಲ್ಲಿ ಶುರುವಾಗಿದ್ದು, ಬೆಂಗಳೂರಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಹದಿನಾಲ್ಕು ವರ್ಷ ತುಂಬಿದ್ರೆ ಹತ್ತನೇ ಕ್ಲಾಸ್‌ಗೆ ಸೇರಬಹುದು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದ್ರೂ ಭಾಷೆ ಇರಬೇಕು. ಬೇಕಿದ್ರೆ ಇನ್ನೆರಡು ವಿಷಯ ಜಾಸ್ತಿ ತಗೋಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತೆ ಅಕ್ಟೋಬರ್-ನವೆಂಬರ್. ಒಂದು ಸಲ ನೋಂದಾಯಿಸಿದ್ರೆ ಐದು ವರ್ಷ, ಒಂಬತ್ತು ಅವಕಾಶ. ಎಲ್ಲ ವಿಷಯ ಒಟ್ಟಿಗೆ ಬರೀಬೇಕು ಅಂತಿಲ್ಲ.

ಮೂರು, ಕೇಂಬ್ರಿಜ್‌ನ ಐಜಿಸಿಎಸ್‌ಇ. ಖಾಸಗಿಯಾಗಿ ಬರೀಬಹುದು. ಆದ್ರೆ ಹೊರಗಿನವರನ್ನ ಸೇರಿಸಿಕೊಳ್ಳೋ ಪರೀಕ್ಷಾ ಕೇಂದ್ರ ಹುಡುಕಬೇಕು, ಒಂದೊಂದು ವಿಷಯಕ್ಕೂ ಸಾವಿರಗಟ್ಟಲೆ ಫೀಸು. ನಮ್ಮ ಮನೆಯಲ್ಲಿ ಆ ಮಾತು ಐದು ನಿಮಿಷಕ್ಕೆ ಮುಗೀತು. ಸಿಬಿಎಸ್‌ಇ ಬಗ್ಗೆ ಕೇಳೋರಿಗೂ ಇಲ್ಲೇ ಹೇಳಿಬಿಡ್ತೀನಿ. ಅಲ್ಲಿ ಮನೆಯಲ್ಲಿ ಓದಿದ ಮಕ್ಕಳನ್ನ ಹೊರಗಿನಿಂದ ನೇರವಾಗಿ ಹತ್ತನೇ ಕ್ಲಾಸ್‌ಗೆ ಕೂರಿಸೋದು ಸಾಮಾನ್ಯವಾಗಿ ಆಗಲ್ಲ.

ನಾವು ಎನ್‌ಐಒಎಸ್ ಆರಿಸಿದ್ವಿ. ಮೂರು ಭಾಷೆ ಇಲ್ಲ, ಬಾಯಿಪಾಠ ಇಲ್ಲ, ನಿಧಾನವಾಗಿ ಬರೀಬಹುದು. ತಮ್ಮನಿಗೆ ಸರಿ ಅನ್ನಿಸ್ತು. ಈಗಲೂ ಆ ಆಯ್ಕೆ ತಪ್ಪು ಅಂತ ನಾನು ಹೇಳಲ್ಲ. ತಪ್ಪಾಗಿದ್ದು ಅದರ ಮುಂದಿನ ಹೆಜ್ಜೆಯಲ್ಲಿ.

ನಾನು ಕೆಲಸ ಮಾಡೋದು ಶಿವಮೊಗ್ಗದಲ್ಲಿ. ದಿನಾ ಬೆಳಗ್ಗೆ ಬಿಎಚ್ ರೋಡಲ್ಲಿ ಬಸ್ಸು, ಸಂಜೆ ವಾಪಸ್. 'ನೀನು ಓದಿದೋಳು, ನೀನೇ ವಿಚಾರಿಸ್ಕೊಂಡು ಬಾ' ಅಂತ ಅಪ್ಪ ನನಗೆ ವಹಿಸಿದ್ರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಟ್ಯುಟೋರಿಯಲ್ ಸೆಂಟರ್‌ಗೆ ಹೋದೆ. ಅಲ್ಲಿದ್ದೋರು ನನ್ನ ಮುಖ ನೋಡಿ ಒಂದೇ ಮಾತು ಹೇಳಿದ್ರು. 'ಮ್ಯಾಥ್ಸ್, ಸೈನ್ಸ್ ತಗೋಬೇಡಿ ಮೇಡಂ. ಕನ್ನಡ, ಇಂಗ್ಲಿಷ್, ಹೋಮ್ ಸೈನ್ಸ್, ಪೇಂಟಿಂಗ್, ಡೇಟಾ ಎಂಟ್ರಿ. ಹುಡುಗ ಕಣ್ಣುಮುಚ್ಚಿ ಪಾಸ್.'

ನನಗೆ ಖುಷಿಯಾಯ್ತು. ನಿಜ ಹೇಳ್ತೀನಿ, ಹೊಟ್ಟೆನೋವು ಅಂತ ಮುದುಡಿ ಮಲಗ್ತಿದ್ದ ಹುಡುಗ ನನ್ನ ಕಣ್ಣಮುಂದೆ ಇದ್ದ. ಅವನು ಪಾಸಾದ್ರೆ ಸಾಕು ಅನ್ನಿಸಿತ್ತು. ಮನೆಗೆ ಬಂದು 'ಎಲ್ಲ ಸರಿಹೋಯ್ತು' ಅಂದೆ. ಅಮ್ಮ ನಂಬಿದ್ರು, ತಮ್ಮನೂ ತಲೆಯಾಡಿಸಿದ. ಅರ್ಜಿ ಹಾಕಿದ್ವಿ. ನಿನಗೆ ಮುಂದೆ ಏನಾಗಬೇಕು ಅಂತಿದೆ ಕಣೋ ಅಂತ ಅವನ್ನ ನಾನು ಒಂದು ಸಲಾನೂ ಕೇಳಲಿಲ್ಲ.

ಈಗ ಸ್ವಲ್ಪ ನಮ್ಮ ಊರಿನ ಬಗ್ಗೆ. ಭದ್ರಾವತಿ ಅಂದ್ರೆ ಕಬ್ಬಿಣದ ಊರು. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯ್ತು. ಆಮೇಲೆ ಅದಕ್ಕೇ ವಿಶ್ವೇಶ್ವರಯ್ಯನವರ ಹೆಸರು ಬಂತು. ಹಿಂದೆಯೇ ಕಾಗದದ ಕಾರ್ಖಾನೆ ಬಂತು. ಅಜ್ಜಂದಿರ ಕಾಲದಿಂದ ಇಲ್ಲಿ ಮಕ್ಕಳ ಕೈಯಲ್ಲಿ ಸ್ಪ್ಯಾನರ್ ಹಿಡಿಸಿ ಬೆಳೆಸಿದ್ದಾರೆ. ಕಾರ್ಖಾನೆಗಳ ಆ ಕಾಲ ಈಗಿಲ್ಲ, ಆದ್ರೆ ಕೈಕೆಲಸ ಗೊತ್ತಿರೋರು ಬೀದಿಗೊಬ್ಬರು ಸಿಗ್ತಾರೆ. ನಮ್ಮ ರಸ್ತೆ ಕೊನೇಲಿ ಒಂದು ಲೇತ್ ವರ್ಕ್‌ಶಾಪ್ ಇದೆ. ಅಲ್ಲಿನ ಅಂಕಲ್ ಹತ್ರ ತಮ್ಮ ಸಂಜೆ ಹೊತ್ತು ಹೋಗಿ ಕೂರ್ತಿದ್ದ. ನಾವು, ಹೊತ್ತು ಕಳೀಲಿ ಬಿಡು ಅಂದ್ಕೊಂಡಿದ್ವಿ. ಅಲ್ಲಿ ಮಾತಾಡೋ ಅಗತ್ಯ ಇಲ್ಲ. ಮಿಷನ್ ಸದ್ದಲ್ಲಿ ಯಾರ ಮಾತೂ ಯಾರಿಗೂ ಕೇಳಲ್ಲ.

2023ರ ಡಿಸೆಂಬರ್. ರಾತ್ರಿ ಊಟ ಮಾಡ್ತಾ ಇದ್ವಿ. ತಮ್ಮ ಇದ್ದಕ್ಕಿದ್ದ ಹಾಗೆ ಅಂದ, 'ಅಕ್ಕ, ನಾನು ಪಾಲಿಟೆಕ್ನಿಕ್‌ಗೆ ಹೋಗ್ಬೇಕು. ಮೆಕ್ಯಾನಿಕಲ್.' ಒಂದೂ ತಡೆ ಇಲ್ಲದೆ ಅಂದ. ಅಪ್ಪ ತಟ್ಟೆ ಬಿಟ್ಟು ಅವನ ಮುಖ ನೋಡಿದ್ರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ನಮ್ಮ ಊರಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ, ವಿಐಎಸ್‌ಎಸ್‌ಜೆ ಅಂತ. ಅಮ್ಮ ಆಗಲೇ ಟಿಫನ್ ಡಬ್ಬಿ ಕಟ್ಟೋ ಲೆಕ್ಕದಲ್ಲಿದ್ರು.

ಮಾರನೇ ದಿನ ಬಸ್ಸಲ್ಲಿ ಕೂತು ಫೋನಲ್ಲಿ ಡಿಪ್ಲೊಮಾ ಪ್ರವೇಶದ ನಿಯಮ ಓದಿದೆ. ಎಸ್‌ಎಸ್‌ಎಲ್‌ಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆ ಪಾಸಾಗಿರಬೇಕು. ಅಲ್ಲಿವರೆಗೆ ಸರಿ. ಅದರ ಮುಂದೆ, ವಿಜ್ಞಾನ ಮತ್ತು ಗಣಿತ ವಿಷಯಗಳನ್ನು ಓದಿರಬೇಕು ಅಂತಿತ್ತು.

ಬಸ್ಸಿಂದ ಇಳಿದ ಮೇಲೂ ಅದನ್ನೇ ಮತ್ತೆ ಮತ್ತೆ ಓದಿದೆ. ಐಟಿಐ ನೋಡಿದೆ. ವೆಲ್ಡರ್ ಥರದ ಟ್ರೇಡ್‌ಗೆ ಎಂಟನೇ ಕ್ಲಾಸ್ ಸಾಕು. ಫಿಟ್ಟರ್, ಟರ್ನರ್‌ಗೆ ಮತ್ತೆ ಅದೇ ಮಾತು, ಹತ್ತನೇ ಕ್ಲಾಸ್‌ನಲ್ಲಿ ಸೈನ್ಸ್, ಮ್ಯಾಥ್ಸ್ ಇರಬೇಕು. 'ಕಣ್ಣುಮುಚ್ಚಿ ಪಾಸ್' ಆಗೋ ಐದು ವಿಷಯ ಇಟ್ಟುಕೊಂಡು ನನ್ನ ತಮ್ಮ ಪಾಲಿಟೆಕ್ನಿಕ್ ಗೇಟ್ ಒಳಗೇ ಹೋಗೋ ಹಾಗಿರಲಿಲ್ಲ. ಸರ್ಟಿಫಿಕೇಟ್ ಬರ್ತಿತ್ತು, ಅವನಿಗೆ ಬೇಕಾದ ಬಾಗಿಲು ಮಾತ್ರ ಮುಚ್ಚಿರ್ತಿತ್ತು.

ಅವತ್ತು ನನಗೆ ಅರ್ಥ ಆಗಿದ್ದು ಇಷ್ಟು. ಎಸ್‌ಎಸ್‌ಎಲ್‌ಸಿಯಲ್ಲಿ ವಿಷಯ ಆರಿಸೋ ಸ್ವಾತಂತ್ರ್ಯ ಇಲ್ಲ, ಅದಕ್ಕೇ ಅಲ್ಲಿ ಈ ತಪ್ಪು ಮಾಡೋಕೂ ಆಗಲ್ಲ. ಎನ್‌ಐಒಎಸ್‌ನಲ್ಲಿ ಆ ಸ್ವಾತಂತ್ರ್ಯ ಇದೆ. ಸ್ವಾತಂತ್ರ್ಯ ಇದ್ದ ಕಡೆ ಜವಾಬ್ದಾರಿ ನಮ್ಮ ಮೇಲೆ. ಬಿಟ್ಟ ವಿಷಯ ಮುಂದೆ ಯಾವ ಕೋರ್ಸ್‌ಗೆ ಬೇಕಾಗುತ್ತೆ ಅಂತ ಅರ್ಜಿ ಫಾರ್ಮ್ ನಿಮಗೆ ಹೇಳಲ್ಲ.

ಮನೆಗೆ ಹೋಗಿ ಹೇಳಬೇಕಿತ್ತು. ತಮ್ಮನ ಮುಖ ನೋಡೋಕೆ ಆಗಲಿಲ್ಲ. ಅವನು ಸುಮ್ಮನೆ ಕೇಳಿಸ್ಕೊಂಡ. ಆಮೇಲೆ, 'ಈಗ ಸೇ... ಸೇರಿಸಕ್ಕೆ ಆಗಲ್ವಾ ಅಕ್ಕ?' ಅಂದ. ಬೈದಿದ್ರೆ ನನಗೆ ಸುಲಭ ಆಗ್ತಿತ್ತು.

ಸೇರಿಸೋಕೆ ಆಗುತ್ತೆ. ಐದರ ಮೇಲೆ ಇನ್ನೆರಡು ವಿಷಯಕ್ಕೆ ಜಾಗ ಇದೆ ಅಂದ್ನಲ್ಲ, ಆ ಎರಡು ಜಾಗಕ್ಕೆ ಗಣಿತ ಮತ್ತೆ ವಿಜ್ಞಾನ ಹಾಕಿದ್ವಿ. ಆದ್ರೆ ಏಪ್ರಿಲ್ 2024ರ ಪರೀಕ್ಷೆಗೆ ಅವೆರಡನ್ನ ತಯಾರಿ ಮಾಡೋಕೆ ಹೊತ್ತಿರಲಿಲ್ಲ. ಆ ಸಲ ಕನ್ನಡ, ಇಂಗ್ಲಿಷ್, ಡೇಟಾ ಎಂಟ್ರಿ ಬರೆದ. ಅವನ ಜೊತೆ ಎಂಟನೇ ಕ್ಲಾಸ್‌ನಲ್ಲಿ ಇದ್ದ ಹುಡುಗರು ಆ ಬೇಸಿಗೆ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಸ್ಟೇಟಸ್ ಹಾಕ್ತಿದ್ರು. ಇವನು ಮನೆಯಲ್ಲಿ ಕೂತು ಲೆಕ್ಕ ಮಾಡ್ತಿದ್ದ.

ಗಣಿತ ಅವನ ಕೈಗೆ ಹತ್ತಿದ್ದು ಲೇತ್ ಅಂಕಲ್‌ರಿಂದ. ಸೈನ್, ಕಾಸ್, ಟ್ಯಾನ್ ಅಂದ್ರೆ ಅವನಿಗೆ ತಲೆನೋವು. ಒಂದು ದಿನ ಅಂಕಲ್ ಅವನಿಗೆ ಟೇಪರ್ ತಿರುವೋದು ತೋರಿಸಿದ್ರು. ಟೇಪರ್ ಅಂದ್ರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇರೋ ಕಂಬಿ. ದಪ್ಪ ತುದಿ 40 ಮಿಲಿಮೀಟರ್, ಸಣ್ಣ ತುದಿ 30, ಉದ್ದ 50. ಟೂಲನ್ನ ಎಷ್ಟು ಡಿಗ್ರಿ ಓರೆ ಇಡಬೇಕು? 40ರಲ್ಲಿ 30 ಕಳೆದ್ರೆ 10. ಅದನ್ನ ಉದ್ದದ ಎರಡರಷ್ಟು, ಅಂದ್ರೆ 100ರಿಂದ ಭಾಗಿಸಿದ್ರೆ 0.1. ಟ್ಯಾನ್ ಬೆಲೆ 0.1 ಇರೋ ಕೋನ ಸುಮಾರು 5.7 ಡಿಗ್ರಿ. ಅಷ್ಟಕ್ಕೆ ಇಟ್ಟು ತಿರುವಿದ್ರೆ ಸರಿಯಾಗಿ ಬಂತು. ಅವತ್ತು ಮನೆಗೆ ಓಡಿ ಬಂದು ಅಮ್ಮನಿಗೆ ಆ ಕಂಬಿ ತೋರಿಸಿದ. ಅಮ್ಮ ಅದನ್ನ ಈಗಲೂ ಷೋಕೇಸಲ್ಲಿ ಇಟ್ಟಿದ್ದಾರೆ.

ಆದ್ರೂ ಕಥೆ ಸಿನಿಮಾ ಥರ ಮುಗೀಲಿಲ್ಲ. ಅಕ್ಟೋಬರ್ 2024ರಲ್ಲಿ ವಿಜ್ಞಾನ ಪಾಸು, ಗಣಿತ ಹೋಯ್ತು. ಎನ್‌ಐಒಎಸ್‌ನಲ್ಲಿ ಪಾಸಾಗೋಕೆ 33 ಬೇಕು, ಅವನಿಗೆ ಅಷ್ಟು ಬರಲಿಲ್ಲ. ಮತ್ತೆ ಏಪ್ರಿಲ್ 2025ರಲ್ಲಿ ಬರೆದ. ರಿಸಲ್ಟ್ ಬರೋವರೆಗೆ ಪಾಲಿಟೆಕ್ನಿಕ್ ಪ್ರವೇಶದ ದಿನಾಂಕ ಮುಗಿದುಹೋಗುತ್ತೇನೋ ಅಂತ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಪಾಸಾದ. ದೊಡ್ಡ ಮಾರ್ಕ್ಸ್ ಅಲ್ಲ. ಈಗ ಡಿಪ್ಲೊಮಾ ಓದ್ತಿದ್ದಾನೆ, ತನಗಿಂತ ಒಂದು ವರ್ಷ ಚಿಕ್ಕವರ ಜೊತೆ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಫೋನಲ್ಲಿ ನೋಟ್ಸ್ ತೆಗೆಯೋರು ತೆಗೀರಿ.

ಮೊದಲನೇದು, 'ಯಾವ ಸಿಲಬಸ್ ಒಳ್ಳೇದು' ಅಂತ ಶುರುಮಾಡಬೇಡಿ. 'ಮುಂದೆ ಯಾವ ಬಾಗಿಲು ತೆರೆದಿರಬೇಕು' ಅಂತ ಶುರುಮಾಡಿ. ಆ ಕೋರ್ಸ್‌ನ ಪ್ರವೇಶ ನಿಯಮ ಓದಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಹದಿನಾಲ್ಕನೇ ವಯಸ್ಸಿಗೆ ಏನೂ ಗೊತ್ತಿಲ್ಲ ಅಂದ್ರೆ ಪರವಾಗಿಲ್ಲ, ಆಗ ಗಣಿತ ಮತ್ತೆ ವಿಜ್ಞಾನ ಎರಡನ್ನೂ ಇಟ್ಟುಕೊಳ್ಳಿ. ಕಷ್ಟ ಅನ್ನಿಸಿದ್ರೆ ನಿಧಾನವಾಗಿ ಬರೀರಿ, ಒಂಬತ್ತು ಅವಕಾಶ ಇರೋದು ಅದಕ್ಕೇ. ಆದ್ರೆ ಬಿಡಬೇಡಿ.

ಎರಡನೇದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮುಂದೆ ಸಿಇಟಿ ಬರೆದು ಸರ್ಕಾರಿ ಕೋಟಾದ ಸೀಟು ಬೇಕು ಅಂದ್ರೆ, ಸಾಮಾನ್ಯವಾಗಿ ನಮ್ಮಂಥವರಿಗೆ ಅನ್ವಯಿಸೋ ನಿಯಮದಲ್ಲಿ, ಒಂದರಿಂದ ಹನ್ನೆರಡನೇ ಕ್ಲಾಸ್ ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ-ಕಾಲೇಜಲ್ಲಿ ಓದಿರಬೇಕು. ಹತ್ತು ಅಥವಾ ಹನ್ನೆರಡನೇದನ್ನ ಇಲ್ಲೇ ಪಾಸಾಗಿರಬೇಕು. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾಗೆ ಒಂದರಿಂದ ಹತ್ತರವರೆಗೆ, ಪೂರ್ತಿ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಕೇಳ್ತಾರೆ. ಮನೆಯಲ್ಲಿ ಓದಿದ ವರ್ಷಕ್ಕೆ ಆ ಪ್ರಮಾಣಪತ್ರ ಯಾರು ಕೊಡ್ತಾರೆ? ನಮ್ಮ ತಮ್ಮ ಎಂಟು ವರ್ಷ ಶಾಲೆಗೆ ಹೋಗಿದ್ದ, ಅಮ್ಮ ಅವನ್ನ ಬಿಡಿಸುವಾಗಲೇ ಟಿಸಿ ಮತ್ತೆ ಅಷ್ಟೂ ವರ್ಷದ ವ್ಯಾಸಂಗ ಪ್ರಮಾಣಪತ್ರ ಕೇಳಿ ತಗೊಂಡಿದ್ರು. ಏನೂ ಗೊತ್ತಿಲ್ಲದೆ ಮಾಡಿದ ಆ ಒಂದು ಕೆಲಸ ಮುಂದೆ ಉಪಯೋಗಕ್ಕೆ ಬರುತ್ತೆ. ಶಾಲೆ ಬಿಡಿಸೋ ಯೋಚನೆ ಇದ್ರೆ ಬಿಡಿಸೋ ದಿನವೇ ಆ ಕಾಗದ ತಗೊಂಡುಬಿಡಿ. ಇನ್ನೂ ಚಿಕ್ಕ ಮಗು ಇದ್ರೆ ಈ ಏಳು ವರ್ಷದ ಲೆಕ್ಕ ಮೊದಲೇ ಹಾಕಿ.

ಮೂರನೇದು, ದಿನಾಂಕ. ಎನ್‌ಐಒಎಸ್‌ನಲ್ಲಿ ಮಾರ್ಚ್ ಮಧ್ಯದಿಂದ ಶುರುವಾಗೋ ಪ್ರವೇಶ ಮುಂದಿನ ಏಪ್ರಿಲ್ ಪರೀಕ್ಷೆಗೆ, ಸೆಪ್ಟೆಂಬರ್‌ನಲ್ಲಿ ಶುರುವಾಗೋದು ಮುಂದಿನ ಅಕ್ಟೋಬರ್ ಪರೀಕ್ಷೆಗೆ. ಪ್ರತಿ ವರ್ಷ ವೆಬ್‌ಸೈಟ್‌ನಲ್ಲಿ ನೋಡಿ ಖಚಿತ ಮಾಡ್ಕೊಳ್ಳಿ. ಟಿಎಂಎ ಅಂತ ಮನೆಯಲ್ಲಿ ಬರೆದು ಕೊಡೋ ಅಸೈನ್‌ಮೆಂಟ್ ಇರುತ್ತೆ, ಅದಕ್ಕೆ ಶೇ 20ರಷ್ಟು ತೂಕ. ಅದನ್ನ ನಿರ್ಲಕ್ಷ್ಯ ಮಾಡಬೇಡಿ. ವಿಜ್ಞಾನದ ಪ್ರಾಕ್ಟಿಕಲ್‌ಗೆ ಅಧ್ಯಯನ ಕೇಂದ್ರಕ್ಕೇ ಹೋಗಬೇಕು. ನಮಗೆ ಸಿಕ್ಕಿದ್ದು ಬೇರೆ ಊರಿನ ಕೇಂದ್ರ, ಅಪ್ಪ ರಜೆ ಹಾಕಿ ಕರ್ಕೊಂಡು ಹೋದ್ರು. ಅರ್ಜಿಗೆ ಮುಂಚೆ ಕೇಂದ್ರ ಎಲ್ಲಿದೆ, ನಿಮ್ಮ ವಿಷಯ ನಿಮ್ಮ ಮಾಧ್ಯಮದಲ್ಲಿ ಇದೆಯಾ, ಎರಡೂ ನೋಡಿ.

ನಾಲ್ಕನೇದು, 'ಓಪನ್ ಸ್ಕೂಲ್' ಅಂತ ಬೋರ್ಡ್ ಹಾಕಿದ್ದೆಲ್ಲ ಎನ್‌ಐಒಎಸ್ ಅಲ್ಲ. 'ಪರೀಕ್ಷೆ ಇಲ್ದೆ ಹತ್ತನೇ ಕ್ಲಾಸ್ ಪಾಸ್' ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಅರ್ಜಿಯನ್ನ ನೀವೇ ಅಧಿಕೃತ ವೆಬ್‌ಸೈಟ್‌ನಲ್ಲಿ ಹಾಕಬಹುದು, ಯಾರೂ ಮಧ್ಯೆ ಬೇಕಿಲ್ಲ. ಪುಸ್ತಕಗಳ ಪಿಡಿಎಫ್ ಅಲ್ಲೇ ಉಚಿತ.

'ಓಪನ್ ಸ್ಕೂಲ್ ಸರ್ಟಿಫಿಕೇಟ್‌ಗೆ ಬೆಲೆ ಇದೆಯಾ' ಅಂತ ನಿಮ್ಮ ಚಿಕ್ಕಪ್ಪನೋ ದೊಡ್ಡಮ್ಮನೋ ಕೇಳೇ ಕೇಳ್ತಾರೆ. ಇದೆ. ಆದ್ರೆ ಅದೂ ಹೋರಾಡಿ ಉಳಿಸ್ಕೊಂಡಿದ್ದು. 2018ರಲ್ಲಿ ಓಪನ್ ಸ್ಕೂಲ್‌ನಲ್ಲಿ ಓದಿದೋರು ನೀಟ್ ಬರೆಯೋ ಹಾಗಿಲ್ಲ ಅಂತ ನಿಯಮ ಬಂದಿತ್ತು, ವಿದ್ಯಾರ್ಥಿಗಳು ಕೋರ್ಟ್‌ಗೆ ಹೋದ್ರು, ದಿಲ್ಲಿ ಹೈಕೋರ್ಟ್ ಅದೇ ವರ್ಷ ಅದನ್ನ ರದ್ದು ಮಾಡ್ತು. ಅದಕ್ಕೇ ಹೇಳೋದು, ನಿಯಮ ಬದಲಾಗ್ತಾ ಇರುತ್ತೆ. ನನ್ನ ಮಾತನ್ನೂ ಕೊನೇ ಮಾತು ಅಂದ್ಕೋಬೇಡಿ. ಸೇರಬೇಕು ಅಂದ್ಕೊಂಡ ಕಾಲೇಜಿಗೆ ಹೋಗಿ, ಆ ವರ್ಷದ ನಿಯಮ ಕೇಳಿ.

ಕೊನೇದು, ಚಿಕ್ಕ ವಿಷಯ. ಮನೆಯಲ್ಲಿ ಓದೋ ಮಗು ಅಂದ್ರೆ ನಾವೆಲ್ಲ ಅದರ ಪರವಾಗಿ ಮಾತಾಡೋಕೆ ಶುರುಮಾಡ್ತೀವಿ. ನನ್ನ ತಮ್ಮನ ವಿಷಯದಲ್ಲಂತೂ, ಮಾತಾಡೋದು ಅವನಿಗೆ ಕಷ್ಟ ಅಂತ ಎಲ್ಲರೂ ಅವನ ಬದಲಿಗೆ ಮಾತಾಡ್ತಿದ್ವಿ. ಶಾಲೆಯಲ್ಲಿ ಅವನಿಗೆ ಕಷ್ಟ ಕೊಟ್ಟಿದ್ದು, ಮಾತು ಮುಗಿಸೋವರೆಗೆ ಯಾರೂ ಕಾಯ್ತಿರಲಿಲ್ಲ ಅನ್ನೋದು. ಅರ್ಜಿ ತುಂಬಿದ ದಿನ ನಾನೂ ಅದನ್ನೇ ಮಾಡಿದೆ. ಅವನಿಗೆ ಏನು ಬೇಕು ಅಂತ ಕೇಳಿ, ಉತ್ತರ ಬರೋವರೆಗೆ ಕಾದಿದ್ರೆ ಒಂದು ವರ್ಷ ಉಳೀತಿತ್ತು.

ಈ ಎಪಿಸೋಡ್ ಮಾಡೋಕೆ ಮುಂಚೆ ಅವನನ್ನ ಕೇಳಿದೆ, ನಿನ್ನ ಕಥೆ ಹೇಳಲಾ ಅಂತ. ಸ್ವಲ್ಪ ಹೊತ್ತು ಯೋಚಿಸಿ, 'ಹೇಳು, ಆದ್ರೆ ಗಣಿತದಲ್ಲಿ ಫೇಲಾಗಿದ್ದೂ ಹೇಳು. ಇಲ್ಲಾಂದ್ರೆ ಕೇಳೋರಿಗೆ ಭ... ಭಯ ಹೋಗಲ್ಲ' ಅಂದ. ಹೇಳಿದ್ದೀನಿ ಕಣೋ.

ನಿಮ್ಮ ಮನೆಯಲ್ಲೂ ಹೀಗೆ ಓದ್ತಿರೋರು ಇದ್ರೆ, ಅರ್ಜಿ ತುಂಬೋ ಮುಂಚೆ ಈ ಎಪಿಸೋಡ್ ಅವರಿಗೆ ಕಳಿಸಿ, ಅಪ್ಪ ಅಮ್ಮನಿಗೂ ಕೇಳಿಸಿ. ಪ್ರಶ್ನೆ ಇದ್ರೆ ಬರೀರಿ, ಗೊತ್ತಿದ್ದಷ್ಟು ಹೇಳ್ತೀನಿ. ಮುಂದಿನ ವಾರ ಸಿಗೋಣ.